ಕಪ್ಪೆ ಮೇಷ್ಟ್ರು ವಜಾ ಆದ ದಿನ

ಆ ಬೆಳಿಗ್ಗೆ ಕಪ್ಪೆ ಮೇಷ್ಟ್ರ ಮೊಣಕೈಯನ್ನು ಬುಲೆಟಿನ್ ಮೇಷ್ಟ್ರು ಹಿಡಿದುಕೊಳ್ಳದೆ ಹೋಗಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಕಪ್ಪೆ ಮೇಷ್ಟ್ರು ಅಂದರೆ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದನ್ನು ಬಳಸುತ್ತಿದ್ದವರು ಹಲ್ಲಿನ ಡಾಕ್ಟರು ಒಬ್ಬರೇ. ಮಿಕ್ಕವರಿಗೆಲ್ಲ ಅವರು ಕಪ್ಪೆ ಮೇಷ್ಟ್ರು. ತಲೆಮಾರುಗಟ್ಟಲೆ ಹುಡುಗರಿಗೆ ಕಪ್ಪೆಯ ಹೊಟ್ಟೆ ಕುಯ್ದು ತೋರಿಸಿದವರು. ಆದರೆ ಈ ವರ್ಷ ಪ್ರಾಣಿಶಾಸ್ತ್ರಕ್ಕೆ ಒಂದು ನರಪಿಳ್ಳೆಯೂ ಸೇರಲಿಲ್ಲ. ಕಪ್ಪೆಗಳು ಬದುಕಿಕೊಂಡವು, ಮೇಷ್ಟ್ರು ಸಿಕ್ಕಿಬಿದ್ದರು.

ಪ್ರಿನ್ಸಿಪಾಲರು ಕರೆಸಿ ಹೇಳಿದ್ದು ಇಷ್ಟೇ: "ನೋಡಿ, ಈಗಿನ ಕಾಲಕ್ಕೆ ಬೇಕಾಗಿರೋದು ಮ್ಯಾನೇಜ್‌ಮೆಂಟು. ಹೊಸ ಕೋರ್ಸ್ ಶುರು ಮಾಡಿದೀವಿ. ಸಂಘ ಸಂಸ್ಥೆಗಳನ್ನ ಹೇಗೆ ನಡೆಸಬೇಕು ಅಂತ ಮಕ್ಕಳಿಗೆ ಪರಿಚಯ ಮಾಡಿಕೊಡೋದು. ನೀವು ತಗೊಳ್ಳಿ."

"ಸಾರ್, ನನಗೆ ಕಪ್ಪೆ ಬಿಟ್ರೆ..."

"ಕಪ್ಪೆ ಒಳಗಡೆ ಏನಿರುತ್ರೀ? ಜೀರ್ಣ ವ್ಯವಸ್ಥೆ, ನರ ವ್ಯವಸ್ಥೆ. ಇದೂ ವ್ಯವಸ್ಥೆಯೇ. ಕುಯ್ಯೋದೊಂದು ಇಲ್ಲ ಅಷ್ಟೆ."

"ಮಕ್ಕಳು ನನ್ನನ್ನ ಒಪ್ಪಲಿಲ್ಲ ಅಂದ್ರೆ ಸಾರ್?"

"ಒಪ್ಪದೆ ಇದ್ರೆ ನಿಮ್ಮನ್ನ ಮ್ಯೂಸಿಯಮ್ಮಿಗೆ ಹಾಕಿಬಿಡ್ತೀನಿ. ಬಾಟ್ಲಿ ಒರೆಸ್ಕೊಂಡು ಕೂತಿರಿ!"

ಪ್ರಿನ್ಸಿಪಾಲರು ಹೆದರಿಸಲೆಂದೇ ಆ ಮಾತು ಆಡಿದ್ದರು. ಕಪ್ಪೆ ಮೇಷ್ಟ್ರ ಕಿವಿಗೆ ಮಾತ್ರ ಅದು ವರ ಕೊಟ್ಟ ಹಾಗೆ ಕೇಳಿಸಿತು. ಕಾಲೇಜಿನ ಹಿಂಭಾಗದ ಆ ತಂಪು ಕೋಣೆ! ಗಾಜಿನ ಬಾಟಲಿಗಳಲ್ಲಿ ಸುರುಳಿ ಸುತ್ತಿ ಮಲಗಿರುವ ಹಾವುಗಳು, ರೆಕ್ಕೆ ಮುದುರಿದ ಬಾವಲಿಗಳು. ಒಂದಾದರೂ ಎದ್ದು ನಿಂತು ಪ್ರಶ್ನೆ ಕೇಳುವುದಿಲ್ಲ. ಅಲ್ಲಿಗೆ ಹೋಗಬೇಕಾದರೆ ಮಕ್ಕಳು ತಮ್ಮನ್ನು ಬೇಡ ಅನ್ನಬೇಕು. ಜೀವಮಾನವೆಲ್ಲ ಬೇಡ ಅನ್ನಿಸಿಕೊಳ್ಳಬಾರದು ಎಂದು ಒದ್ದಾಡಿದ ಮನುಷ್ಯನಿಗೆ ಬೇಡ ಅನ್ನಿಸಿಕೊಳ್ಳುವುದು ಹೇಗೆ ಎಂಬುದೇ ಗೊತ್ತಿರಲಿಲ್ಲ.

ಹಾಗಾಗಿ ಮೊದಲ ತರಗತಿಯ ದಿನ ಅವರು ಸ್ಟಾಫ್ ರೂಮಿನಲ್ಲಿ ಚಹಾ ಆರಿಸಿಕೊಳ್ಳುತ್ತ ಚಿಂತೆಯಲ್ಲಿ ಕೂತಿದ್ದಾಗ ಅರ್ಥಶಾಸ್ತ್ರದ ಬುಲೆಟಿನ್ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಏನೇ ನಡೆದರೂ, ನಡೆಯದಿದ್ದರೂ, ಮೊದಲು ತಿಳಿಯುತ್ತಿದ್ದದ್ದು ಅವರಿಗೇ.

"ಏನ್ರೀ ಮುಖ ಹೀಗೆ? ಮೊದಲನೇ ಕ್ಲಾಸು ಅಂತಲಾ? ಪಾಠ ಯಾಕ್ರೀ ಮಾಡ್ತೀರಿ? ಇವತ್ತಿಂದ ನೀವೇ ಆಡಳಿತ ಮಂಡಳಿ, ನಾನು ನಿಮ್ಮ ಕೈಕೆಳಗಿನ ನೌಕರ, ನಡೆಸಿ ನೋಡೋಣ ಅಂತ ಹುಡುಗರಿಗೇ ಬಿಟ್ಬಿಡಿ. ಕೆಲಸ ಹಂಚಿ ಕೊಡೋದೇ ಮ್ಯಾನೇಜ್‌ಮೆಂಟು. ಅರ್ಧ ಗಂಟೇಲಿ ಹುಡುಗರಿಗೆ ತಲೆ ಕೆಟ್ಟುಹೋಗುತ್ತೆ."

"ತಲೆ ಕೆಟ್ಟರೆ ಪ್ರಿನ್ಸಿಪಾಲರ ಹತ್ರ ದೂರು ಹೇಳ್ತಾರಾ?"

"ಹೇಳದೇ ಬಿಡ್ತಾರಾ!"

ಕಪ್ಪೆ ಮೇಷ್ಟ್ರ ಮುಖ ಅರಳಿತು. "ಕ್ಲಾಸು ಎಲ್ಲಿ?"

"ನನಗೆ ಗೊತ್ತಿಲ್ದೆ ಇರುತ್ತಾ? ಬನ್ನಿ." ಬುಲೆಟಿನ್ ಅವರ ಮೊಣಕೈ ಹಿಡಿದು, ಮದುವೆಮನೆಯಲ್ಲಿ ಮೈದುನ ಭಾವನನ್ನು ಊಟದ ಪಂಕ್ತಿಗೆ ಎಳೆದೊಯ್ಯುವ ಹಾಗೆ ಎಳೆದುಕೊಂಡು ಹೋಗಿ, ಕೆಳಮಹಡಿಯ ಮೂಲೆ ಕೋಣೆಯೊಳಕ್ಕೆ ತಳ್ಳಿ, ಬಾಗಿಲನ್ನೂ ಎಳೆದುಕೊಂಡು ಹೋದರು.

ಒಳಗೆ ಕೋಣೆ ತುಂಬ ಹುಡುಗ ಹುಡುಗಿಯರು. ಕಪ್ಪೆ ಮೇಷ್ಟ್ರು ರಾತ್ರಿಯೆಲ್ಲ ಉರು ಹೊಡೆದಿದ್ದ ವಾಕ್ಯವನ್ನೂ ಬುಲೆಟಿನ್ ಹೇಳಿಕೊಟ್ಟದ್ದನ್ನೂ ಒಂದೇ ಉಸಿರಿಗೆ ಹೇಳಿದರು: "ನಿರ್ವಹಣೆ ಎಂದರೆ ಯೋಜಿಸುವುದು, ಸಂಘಟಿಸುವುದು, ನಿರ್ದೇಶಿಸುವುದು, ನಿಯಂತ್ರಿಸುವುದು. ಉಳಿದದ್ದು ಪುಸ್ತಕದಿಂದ ಬರೋದಿಲ್ಲ. ಇವತ್ತಿಂದ ನೀವೇ ಆಡಳಿತ ಮಂಡಳಿ. ನಾನು ನಿಮ್ಮ ನೌಕರ. ಪಾಠ ಮಾಡೋದು ನನ್ನ ಕೆಲಸ. ಮಾಡಿಸಿಕೊಳ್ಳೋದು ನಿಮ್ಮ ಕೆಲಸ. ನಡೆಸಿ ನೋಡೋಣ."

ಹುಡುಗರು ಮುಖ ಮುಖ ನೋಡಿಕೊಂಡರು. ಮೂರನೇ ಸಾಲಿನಲ್ಲಿ ದಪ್ಪ ಕನ್ನಡಕದ ಎತ್ತರದ ಹುಡುಗಿಯೊಬ್ಬಳು ನಿಧಾನಕ್ಕೆ ಎದ್ದಳು.

"ಸಾರ್, ನಿಜವಾಗಲೂ ಪೂರ್ತಿ ಅಧಿಕಾರ ನಮಗೇ ಕೊಟ್ಟಿದೀರಾ? ಆಮೇಲೆ ಇಲ್ಲ ಅನ್ನೋ ಹಾಗಿಲ್ಲ."

"ಪೂರ್ತಿ ಕೊಟ್ಟಿದೀನಮ್ಮ."

"ಎಲ್ಲರೂ ಕೇಳಿಸ್ಕೊಂಡ್ರಲ್ಲ? ನೀವೆಲ್ಲ ಸಾಕ್ಷಿ," ಎಂದು ಹುಡುಗಿ ಕ್ಲಾಸಿನ ಕಡೆ ತಿರುಗಿದಳು. ಎಲ್ಲರೂ ಕೈ ಎತ್ತಿದರು. ಕಪ್ಪೆ ಮೇಷ್ಟ್ರು ಈ ಕೋರ್ಸಿನ ಮಕ್ಕಳು ಬಹಳ ಶಿಸ್ತಿನವರು ಅಂದುಕೊಂಡು ಸುಮ್ಮನಾದರು.

ಆಮೇಲೆ ನಡೆದದ್ದನ್ನು ಕಣ್ಣು ಬಿಟ್ಟುಕೊಂಡು ನೋಡುವುದಷ್ಟೇ ಅವರ ಪಾಲಿಗೆ ಬಂತು. ಕನ್ನಡಕದ ಹುಡುಗಿ ಅಧ್ಯಕ್ಷೆಯಾದಳು. ಮೇಷ್ಟ್ರ ಕುರ್ಚಿ ಅವಳ ಕೆಳಗೆ ಹೋಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ತನಿಖಾ ವಿಭಾಗಕ್ಕೆ ಮುಖ್ಯಸ್ಥನಾದ. ಅವನ ದನಿಯೋ, ಖಾಲಿ ಡ್ರಮ್ಮಿನೊಳಗೆ ಕೂತು ಮಾತಾಡಿದ ಹಾಗೆ. ಮೇಷ್ಟ್ರನ್ನು ಕಿಟಕಿಯ ಪಕ್ಕದ ಒಂಟಿ ಬೆಂಚಿಗೆ ಕಳಿಸಿದರು.

"ಈಗ ನೌಕರರು ಪಾಠ ಮಾಡ್ಲಿ," ಎಂದಳು ಅಧ್ಯಕ್ಷೆ.

ಕಪ್ಪೆ ಮೇಷ್ಟ್ರು ಎದ್ದು ನಿಂತರು. ಉರು ಹೊಡೆದ ವಾಕ್ಯ ಆಗಲೇ ಖರ್ಚಾಗಿತ್ತು. "ಸಂಸ್ಥೆ ಅಂದ್ರೆ... ಅದಕ್ಕೊಂದು ತಲೆ ಇರುತ್ತೆ. ಹೊಟ್ಟೆ ಇರುತ್ತೆ. ಹೊಟ್ಟೆ ಬಿಳಿ ಇರುತ್ತೆ. ಹಿಂಗಾಲು ಉದ್ದ, ಬೆರಳುಗಳ ಮಧ್ಯೆ ಚರ್ಮ..."

"ನಿಲ್ಲಿಸಿ!" ಡ್ರಮ್ಮು ಗುಡುಗಿತು. "ಇದು ಸಂಸ್ಥೆ ಅಲ್ಲ, ಕಪ್ಪೆ."

ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಕೆಟ್ಟ ಪಾಠ! ಇನ್ನೇನು ದೂರು ಹೋಗುತ್ತದೆ! "ಹೌದಪ್ಪ, ಕಪ್ಪೆಯೇ. ನನಗೆ ಗೊತ್ತಿರೋದೇ ಅಷ್ಟು. ನನ್ನನ್ನ ತೆಗೆದುಹಾಕಿಬಿಡಿ," ಎಂದರು ಆಸೆಯಿಂದ.

"ಹಾಗೆಲ್ಲ ತೆಗೆಯೋಕಾಗಲ್ಲ ಸಾರ್," ಎಂದಳು ಅಧ್ಯಕ್ಷೆ. "ಮೊದಲು ನೋಟಿಸ್ ಕೊಡಬೇಕು. ನಿಮ್ಮ ವಾದ ಕೇಳಬೇಕು. ಸಾಕ್ಷಿ ವಿಚಾರಣೆ ಆಗಬೇಕು. ಆಮೇಲೆ ತೀರ್ಮಾನ."

ಅಬ್ಬಾ, ಮ್ಯಾನೇಜ್‌ಮೆಂಟಿನಲ್ಲಿ ಇಷ್ಟೆಲ್ಲ ಇದೆಯೇ ಎಂದು ಮೇಷ್ಟ್ರು ಬೆರಗಾದರು. ಮಂಡಳಿಯವರು ನೋಟಿಸನ್ನು ಅಲ್ಲೇ ಬಾಯಿಮಾತಲ್ಲಿ ಕೊಟ್ಟರು. ಬೆಂಚೇ ಕಟಕಟೆಯಾಯಿತು. ಡ್ರಮ್ಮಿನ ಹುಡುಗನ ಪಾಟೀಸವಾಲು ಶುರುವಾಯಿತು.

"ನೌಕರರಿಗೆ ಎಷ್ಟು ಜನ ಮೇಲಧಿಕಾರಿಗಳು?"

"ಪ್ರಿನ್ಸಿಪಾಲರು."

"ಅವರೊಬ್ಬರೇನಾ? ಯೋಚನೆ ಮಾಡಿ ಹೇಳಿ."

ಮೇಷ್ಟ್ರು ಯೋಚನೆ ಮಾಡಿದರು. "ಬುಲೆಟಿನ್... ಅಂದ್ರೆ ಅರ್ಥಶಾಸ್ತ್ರದವರೂ ಹೇಳ್ತಿರ್ತಾರೆ. ಆಫೀಸಿನ ಗುಮಾಸ್ತರು ಹೇಳ್ತಾರೆ. ಗೇಟಿನ ವಾಚ್‌ಮನ್ನೂ ಸೈಕಲ್ ಇಲ್ಲಿ ನಿಲ್ಲಿಸಬೇಡಿ ಅಂತ ಹೇಳ್ತಾನೆ. ಮನೆಗೆ ಹೋದ್ರೆ ನಮ್ಮನೆಯವಳು. ಅವಳ ತಮ್ಮ ಬಂದಾಗ ಅವನೂ."

"ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಅನ್ನೋದು ಸಾಮಾನ್ಯ ಜ್ಞಾನ," ಎಂದ ಡ್ರಮ್ಮಿನ ಹುಡುಗ. "ಇವರು ಕೆಲಸ ಮಾಡ್ತಿರೋದು ಸಂತೆಯಲ್ಲಿ."

"ಈ ಪಾಠ ಮಾಡೋ ಶಕ್ತಿ ನಿಮಗಿದೆಯಾ ಅಂತ ಯಾರಾದರೂ ಕೇಳಿದ್ರಾ?" ಅಧ್ಯಕ್ಷೆಯ ದನಿ ಈಗ ಸ್ವಲ್ಪ ಮೆತ್ತಗಾಗಿತ್ತು.

"ಇಲ್ಲಮ್ಮ."

"ನಿಮಗೆ ಏನು ಮಾಡೋಕೆ ಇಷ್ಟ?"

ಇಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಮನೆಯಲ್ಲಿಯೂ ಕೇಳಿರಲಿಲ್ಲ. ಮೇಷ್ಟ್ರು "ಮ್ಯೂಸಿಯಮ್ಮು," ಎಂದರು. "ಅಲ್ಲಿ ಎಲ್ಲಾ ಧೂಳು ಹಿಡಿದಿದೆ. ಬಾಟ್ಲಿಗಳಲ್ಲಿ ದ್ರಾವಣ ಇಳಿದುಹೋಗಿದೆ. ನೋಡೋರಿಲ್ಲ."

ಮಂಡಳಿ ತಲೆಗೆ ತಲೆ ಸೇರಿಸಿ ಗುಸುಗುಸು ಮಾತಾಡಿತು. ಅಧ್ಯಕ್ಷೆ ಎದ್ದು ನಿಂತು, ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದಳು: "ನೌಕರರಲ್ಲಿ ತಪ್ಪಿಲ್ಲ. ಹೊಂದದ ಕೆಲಸಕ್ಕೆ ಹಾಕಿದವರದ್ದು ತಪ್ಪು. ಆದರೂ ಸಂಸ್ಥೆಯ ಹಿತದೃಷ್ಟಿಯಿಂದ ಇವರನ್ನ ಈ ಕ್ಷಣದಿಂದ ವಜಾ ಮಾಡಲಾಗಿದೆ."

ಕಪ್ಪೆ ಮೇಷ್ಟ್ರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೊರಗೆ ಓಡಿದರು. ವಜಾ ಆದ ಮನುಷ್ಯ ಹೀಗೆ ಕುಣಿಯುತ್ತ ಹೋದದ್ದನ್ನು ಆ ಮಕ್ಕಳು ಹಿಂದೆ ಕಂಡಿರಲಿಕ್ಕಿಲ್ಲ.

ಮೊಗಸಾಲೆಯಲ್ಲೇ ಬುಲೆಟಿನ್ ಸಿಕ್ಕಿದರು. "ಏನ್ರೀ, ಇಷ್ಟು ಬೇಗ?"

"ವಜಾ ಆದೆ!" ಎಂದರು ಕಪ್ಪೆ ಮೇಷ್ಟ್ರು, ಲಾಟರಿ ಹೊಡೆದವರ ಹಾಗೆ.

ಬುಲೆಟಿನ್ನಿನ ಕಣ್ಣುಗುಡ್ಡೆ ಹೊರಗೆ ಬಂತು. "ವಜಾನಾ! ಯಾರು ಮಾಡಿದ್ದು?" ಉತ್ತರಕ್ಕೆ ಅವರು ಕಾಯಲಿಲ್ಲ. ಕಾದಿದ್ದರೆ ಸುದ್ದಿ ಹಳತಾಗುತ್ತಿತ್ತು. ಕಪ್ಪೆ ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಯ ಬಾಗಿಲು ತಟ್ಟುವುದರೊಳಗೆ ಸುದ್ದಿ ಆಫೀಸು ದಾಟಿ, ಲೈಬ್ರರಿ ದಾಟಿ, ಫೋನಿನಲ್ಲಿ ಹರಿದು ಅವರ ಮನೆಯನ್ನೇ ಮುಟ್ಟಿತ್ತು. ಜೇಬಿನಲ್ಲಿ ಫೋನು ಗುಣುಗುಟ್ಟಿತು.

"ರೀ!" ಆ ಕಡೆಯಿಂದ ಹೆಂಡತಿ ಕೂಗಿದರು. "ಕೆಲಸ ಹೋಯ್ತಂತೆ? ಏನ್ ಮಾಡಿದ್ರಿ? ಯಾರಿಗೆ ಏನಂದ್ರಿ? ಪಕ್ಕದ ಮನೆಯವರು ಬಂದು ಸಮಾಧಾನ ಹೇಳ್ತಾ ಕೂತಿದಾರೆ, ನನಗೆ ವಿಷಯಾನೇ ಗೊತ್ತಿಲ್ಲ!"

"ಏನೂ ಆಗಿಲ್ಲ ಕಣೇ, ಬರೀ ವಜಾ..."

"ಬರೀ ವಜಾನಾ! ಅಯ್ಯೋ! ಇನ್ನು ಮೂರು ಹೊತ್ತೂ ನೀವು ಮನೇಲೇ ಇರ್ತೀರಾ?" ಫೋನು ಕೈ ಬದಲಾಯಿತು. ಮೈದುನ.

"ಭಾವ, ಎದೆಗುಂದಬೇಡಿ. ನಾನಿದೀನಿ. ನಾಳೆ ಬೆಳಿಗ್ಗೆ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದುಬಿಡಿ. ಮೊಳೆ ತೂಗೋ ಜಾಗ ಖಾಲಿ ಇದೆ. ಕೂತ್ಕೊಂಡು ಮಾಡೋ ಕೆಲಸ. ಗಿರಾಕಿ ಹತ್ರ ಮಾತ್ರ ಕಪ್ಪೆ ವಿಷಯ ಎತ್ತಬೇಡಿ."

ಕಪ್ಪೆ ಮೇಷ್ಟ್ರು ದಂಗಾಗಿ ಫೋನನ್ನು ಜೇಬಿಗೆ ಸೇರಿಸಿ ಒಳಗೆ ಹೋಗಿ ಹುಡುಗರ ತೀರ್ಮಾನ ತಿಳಿಸಿದರು. ಹೇಳಿ ಮುಗಿಸುವುದರೊಳಗೆ ಪ್ರಿನ್ಸಿಪಾಲರು ಕುರ್ಚಿ ಬಿಟ್ಟು ಎದ್ದಿದ್ದರು. ಮುಖ ಟೊಮ್ಯಾಟೊ ಆಗಿತ್ತು.

"ಏನ್ರೀ ಇದು! ಹುಡುಗರು ಮೇಷ್ಟ್ರನ್ನ ವಜಾ ಮಾಡೋದಾ? ನಾನೇ ಇಷ್ಟು ವರ್ಷದಲ್ಲಿ ಒಬ್ಬರನ್ನೂ ವಜಾ ಮಾಡೋಕಾಗಿಲ್ಲ! ನಡೀರಿ, ಒಬ್ಬೊಬ್ಬರಿಗೂ ಬುದ್ಧಿ ಕಲಿಸ್ತೀನಿ!"

"ಬೇಡಿ ಸಾರ್, ಪಾಪ, ಅವರು ಸರಿಯಾಗೇ ಮಾಡಿದಾರೆ. ನೀವು ಮ್ಯೂಸಿಯಮ್ಮಿಗೆ..."

ಪ್ರಿನ್ಸಿಪಾಲರು ಬಿರುಗಾಳಿಯ ಹಾಗೆ ಹೊರಟಾಗಿತ್ತು. ಹಿಂದೆ ಕಪ್ಪೆ ಮೇಷ್ಟ್ರು, ಅವರ ಹಿಂದೆ ಬುಲೆಟಿನ್. ಮೂಲೆ ಕೋಣೆಯ ಬಾಗಿಲು ಧಡಾರೆಂದು ತೆರೆಯಿತು.

ಒಳಗಿನವರೆಲ್ಲ ಗೌರವದಿಂದ ಎದ್ದು ನಿಂತರು. "ಬನ್ನಿ ಸಾರ್," ಎಂದಳು ಅಧ್ಯಕ್ಷೆ. "ನಿಮ್ಮನ್ನೇ ಕರೆಸಬೇಕು ಅಂತಿದ್ವಿ. ಈ ಕೇಸಿನಲ್ಲಿ ನೀವೇ ಮುಖ್ಯ ಸಾಕ್ಷಿ. ಕೂತ್ಕೊಳ್ಳಿ."

ಆ ದನಿಯಲ್ಲಿ ಏನಿತ್ತೋ, ಪ್ರಿನ್ಸಿಪಾಲರು ಹೋಗಿ ಒಂಟಿ ಬೆಂಚಿನ ಮೇಲೆ ಕೂತೇಬಿಟ್ಟರು. ಕೂತ ಮೇಲೆ ತಾವು ಕೂತದ್ದು ಅವರಿಗೆ ಗೊತ್ತಾಯಿತು.

"ಕಪ್ಪೆ ಕುಯ್ಯೋರನ್ನ ಮ್ಯಾನೇಜ್‌ಮೆಂಟ್ ಪಾಠಕ್ಕೆ ಹಾಕಿದ್ದು ಯಾವ ತತ್ವದ ಮೇಲೆ?" ಡ್ರಮ್ಮು ಕೇಳಿತು.

"ತತ್ವ ಏನ್ ಬಂತು? ಖಾಲಿ ಇದ್ದೋರು ಅವರೊಬ್ಬರೇ."

"ಖಾಲಿ ಕುರ್ಚಿನೂ ಇತ್ತಲ್ಲ ಸಾರ್, ಅದನ್ನ ಯಾಕೆ ಹಾಕಲಿಲ್ಲ?"

ಕೋಣೆ ಗೊಳ್ ಎಂದಿತು. ಅಧ್ಯಕ್ಷೆ ಮೇಜು ತಟ್ಟಿ ಸುಮ್ಮನಾಗಿಸಿದಳು. "ಇವರನ್ನ ಹಾಕೋ ಮುಂಚೆ ಯೋಜನೆ ಮಾಡಿದ್ರಾ?"

"ಇಲ್ಲ."

"ತಯಾರಿಗೆ ಸಮಯ ಕೊಟ್ರಾ?"

"ಇಲ್ಲಮ್ಮ."

"ಇವರಿಗೆ ಏನು ಇಷ್ಟ ಅಂತಲಾದರೂ ಗೊತ್ತಾ?"

ಪ್ರಿನ್ಸಿಪಾಲರು ಕಪ್ಪೆ ಮೇಷ್ಟ್ರ ಮುಖ ನೋಡಿದರು. ಕಪ್ಪೆ ಮೇಷ್ಟ್ರು ನೆಲ ನೋಡಿದರು. ಪ್ರಿನ್ಸಿಪಾಲರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಬೈಯಲು ಬಂದವರು ಬೆವರುತ್ತ ಕೂತಿದ್ದನ್ನು ಕಂಡು ಬಾಗಿಲಲ್ಲಿ ನಿಂತಿದ್ದ ಬುಲೆಟಿನ್ನಿಗೆ ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕೆಂಬುದೇ ಬಗೆಹರಿಯದೆ ಕಾಲು ಕುಣಿಯತೊಡಗಿತು.

"ಸರಿ, ಸರಿ," ಎಂದರು ಪ್ರಿನ್ಸಿಪಾಲರು ಕೊನೆಗೆ, ಎರಡೂ ಕೈ ಎತ್ತಿ. "ನನ್ನದೇ ತಪ್ಪು ಅಂತಿಟ್ಕೊಳ್ಳಿ. ನಿಮ್ಮ ತೀರ್ಮಾನಾನೇ ಇರಲಿ. ಇವರು ಈ ಪಾಠದಿಂದ ವಜಾ. ನಾಳೆಯಿಂದ ಮ್ಯೂಸಿಯಮ್ಮು. ಆಯ್ತಾ?"

ಕಪ್ಪೆ ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಹಾವು, ಬಾವಲಿ, ಏಡಿ, ಆಮೆ ಎಲ್ಲವೂ ಬಾಟಲಿಯೊಳಗಿಂದ ತಮ್ಮನ್ನು ಕೈಬೀಸಿ ಕರೆದ ಹಾಗೆ ಕಂಡಿತು.

ಅಷ್ಟರಲ್ಲಿ ಬಾಗಿಲಲ್ಲಿದ್ದ ಬುಲೆಟಿನ್ನನ್ನು ಪಕ್ಕಕ್ಕೆ ತಳ್ಳಿಕೊಂಡು, ಕೈಯೆಲ್ಲ ಮಸಿ ಮಾಡಿಕೊಂಡ ಹೆಂಗಸೊಬ್ಬರು ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಕಾನೂನು ವಿಭಾಗದ ಮೇಡಂ.

"ಕ್ಷಮಿಸಿ ಸಾರ್, ದಾರೀಲಿ ಸ್ಕೂಟರ್ ಪಂಕ್ಚರ್ ಆಯ್ತು... ಅಲ್ಲ, ನೀವೆಲ್ಲ ಯಾಕೆ ಬಂದಿದೀರಾ? ನನ್ನ ಕ್ಲಾಸಿನ ಹುಡುಗರು ಏನಾದರೂ ಗಲಾಟೆ ಮಾಡಿದ್ರಾ?"

"ನಿಮ್ಮ ಕ್ಲಾಸಾ?" ಎಂದರು ಪ್ರಿನ್ಸಿಪಾಲರು.

"ಹೌದು ಸಾರ್, ಕೊನೇ ವರ್ಷದ ಕಾನೂನು ಕ್ಲಾಸು. ದಿನಾ ಇಲ್ಲೇ ಅಲ್ವಾ ನಡೆಯೋದು?"

ಪ್ರಿನ್ಸಿಪಾಲರು ನಿಧಾನವಾಗಿ ಬೆಂಚಿನಿಂದ ಎದ್ದರು. "ಹಾಗಾದ್ರೆ ಮ್ಯಾನೇಜ್‌ಮೆಂಟ್ ಹುಡುಗರು?"

"ಮೇಲಿನ ಮಹಡೀಲಿ ಕೂತಿದಾರಲ್ಲ ಸಾರ್. ಬರೋವಾಗ ಮೆಟ್ಟಿಲ ಹತ್ರ ಗುಮಾಸ್ತರು ಹೇಳ್ತಿದ್ರು. ಬೆಳಗಿಂದ ಮೇಷ್ಟ್ರು ಬಂದಿಲ್ಲ, ಪಾಪ ಒಬ್ಬರೂ ಎದ್ದಿಲ್ಲ ಅಂತ."

ಎಲ್ಲರ ಕಣ್ಣೂ ಬುಲೆಟಿನ್ ಕಡೆ ತಿರುಗಿತು. ಜೀವನದಲ್ಲಿ ಮೊದಲ ಬಾರಿಗೆ ಬುಲೆಟಿನ್ ಮೇಷ್ಟ್ರ ಹತ್ತಿರ ಹೇಳಲಿಕ್ಕೆ ಏನೂ ಇರಲಿಲ್ಲ.

"ಏನಮ್ಮಾ," ಪ್ರಿನ್ಸಿಪಾಲರು ಅಧ್ಯಕ್ಷೆಯ ಮೇಲೆ ಹರಿಹಾಯ್ದರು, "ನಾವು ಕಾನೂನಿನವರು ಅಂತ ಮೊದಲೇ ಹೇಳೋಕೇನಾಗಿತ್ತು?"

"ಸಾರ್ ಕೇಳಲೇ ಇಲ್ಲ ಸಾರ್. ಬಂದವರೇ ಇವತ್ತಿಂದ ನೀವೇ ಆಡಳಿತ ಮಂಡಳಿ ಅಂದ್ರು. ತಾನಾಗಿ ಬಂದ ಅಧಿಕಾರಾನ ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

ಪ್ರಿನ್ಸಿಪಾಲರಿಗೆ ಹೋದ ಪ್ರಾಣ ಬಂದಂತಾಯಿತು. ಕರ್ಚೀಫನ್ನು ಜೇಬಿಗೆ ತುರುಕಿ ಎದೆ ಸೆಟೆಸಿ ನಿಂತರು. "ನೀವು ಅವರ ವಿದ್ಯಾರ್ಥಿಗಳೇ ಅಲ್ಲ. ವಜಾ ಮಾಡೋಕೆ ನೀವ್ಯಾರು? ಇಡೀ ವಿಚಾರಣೆ ರದ್ದು. ಮ್ಯೂಸಿಯಮ್ಮೂ ರದ್ದು."

"ಸಾರ್!" ಕಪ್ಪೆ ಮೇಷ್ಟ್ರ ಬಾಯಿಂದ ಹೊರಟದ್ದು ಮಾತೋ, ಅವರು ಇಷ್ಟು ವರ್ಷ ಕುಯ್ದ ಪ್ರಾಣಿಗಳ ಕೂಗೋ ಯಾರಿಗೂ ತಿಳಿಯಲಿಲ್ಲ. ಅವರು ಅಧ್ಯಕ್ಷೆಯ ಕಡೆ ತಿರುಗಿದರು. "ಏನಾದರೂ ವಾದ ಮಾಡಮ್ಮ! ಇಷ್ಟೊತ್ತು ಎಷ್ಟು ಚೆನ್ನಾಗಿ ಮಾಡ್ದೆ!"

ಹುಡುಗಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಇಂಥ ಅವಕಾಶಕ್ಕೆಂದೇ ಅವಳು ಈ ಕಾಲೇಜಿಗೆ ಸೇರಿದ್ದಳೋ ಏನೋ. "ಪ್ರಿನ್ಸಿಪಾಲರು ಹೇಳೋದು ಸರಿ. ನಮಗೆ ಅಧಿಕಾರ ಇರಲಿಲ್ಲ. ಆದ್ದರಿಂದ ವಜಾ ಅಸಿಂಧು."

"ಅಯ್ಯೋ, ಆ ಕಡೆ ವಾದ ಅಲ್ಲಮ್ಮ..."

"ಪೂರ್ತಿ ಕೇಳಿ ಸಾರ್. ವಜಾ ಅಸಿಂಧು ಅಂದ್ರೆ ನೀವು ವಜಾ ಆಗೇ ಇಲ್ಲ. ಆದರೆ ನೀವು ನಮ್ಮ ನೌಕರ ಅಂತ ಒಪ್ಪಿಕೊಂಡಿದ್ದು ನಿಮ್ಮ ಸ್ವಂತ ಇಚ್ಛೆಯಿಂದ, ಇಷ್ಟೊಂದು ಸಾಕ್ಷಿಗಳ ಎದುರಿಗೆ. ಅದನ್ನ ಯಾರೂ ರದ್ದು ಮಾಡಿಲ್ಲ. ಹಾಗಾಗಿ ಈಗಲೂ ನೀವು ನಮಗೆ ಪಾಠ ಮಾಡಬೇಕಾದವರೇ."

"ಹೌದು ಸಾರ್," ಎಂದ ಡ್ರಮ್ಮಿನ ಹುಡುಗ, ಈಗ ಅವನ ದನಿಯಲ್ಲಿ ಪ್ರೀತಿಯೇ ತುಂಬಿತ್ತು. "ಇವತ್ತು ಕಲಿತಷ್ಟು ನಾವು ಇಷ್ಟು ವರ್ಷದಲ್ಲಿ ಕಲಿತಿಲ್ಲ."

ಕಾನೂನಿನ ಮೇಡಂ ಮಸಿ ಕೈ ಒರೆಸಿಕೊಳ್ಳುತ್ತ ಮುಖ ಅರಳಿಸಿದರು. "ಒಳ್ಳೇದಾಯ್ತು ಬಿಡಿ. ವಾರಕ್ಕೆರಡು ದಿನ ಈ ಕ್ಲಾಸು ನೀವೇ ತಗೊಂಡುಬಿಡಿ. ನನಗೂ ಸ್ಕೂಟರ್ ರಿಪೇರಿ ಮಾಡಿಸಬೇಕು."

"ಆಯ್ತು, ಹಾಗೇ ಆಗಲಿ," ಎಂದುಬಿಟ್ಟರು ಪ್ರಿನ್ಸಿಪಾಲರು. ಆ ಹುಡುಗಿಯ ಮುಂದೆ ಇನ್ನೊಂದು ಸುತ್ತು ಬೆಂಚಿನ ಮೇಲೆ ಕೂರುವ ಧೈರ್ಯ ಅವರಿಗಿರಲಿಲ್ಲ. "ಇದೂ ಮೇಲಿನದೂ ಎರಡೂ ಕ್ಲಾಸು ಇವರದ್ದೇ. ಮೇಷ್ಟ್ರೇ, ಈಗಿಂದೀಗ ಮೇಲಕ್ಕೆ ಹೋಗಿ. ಆ ಮಕ್ಕಳು ಇನ್ನೂ ಕಾಯ್ತಿದಾರೆ."

ಕಪ್ಪೆ ಮೇಷ್ಟ್ರು ಮೆಟ್ಟಿಲು ಹತ್ತಿದರು. ಬೆಳಿಗ್ಗೆ ಒಂದು ಕ್ಲಾಸು ಬೇಡ ಎಂದು ಹೊರಟಿದ್ದ ಮನುಷ್ಯನ ಕುತ್ತಿಗೆಗೆ ಮಧ್ಯಾಹ್ನದ ಹೊತ್ತಿಗೆ ಎರಡು ಕ್ಲಾಸು ಬಿದ್ದಿದ್ದವು.

ಮೇಲಿನ ಕೋಣೆಯ ಬಾಗಿಲು ತೆರೆದರೆ, ಮಕ್ಕಳು ಸಾಲು ಸಾಲಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಮುಂದಿನ ಸಾಲಿನ ಸಣಕಲು ಹುಡುಗಿ ಎದ್ದು ನಿಂತಳು. ಅವಳ ದನಿ ಸೊಳ್ಳೆಯದಕ್ಕಿಂತ ಸಣ್ಣದು.

"ಸಾರ್, ತಪ್ಪು ತಿಳ್ಕೋಬೇಡಿ. ನೀವು ಬರಲಿಲ್ಲ. ಅದಕ್ಕೆ ನಾವೆಲ್ಲ ಸೇರಿ ಒಂದು ತೀರ್ಮಾನ ತಗೊಂಡಿದೀವಿ."

ಕಪ್ಪೆ ಮೇಷ್ಟ್ರ ಎದೆಯಲ್ಲಿ ಸತ್ತಿದ್ದ ಆಸೆ ಕಾಲು ಝಾಡಿಸಿ ಎದ್ದಿತು. ಇವರೇ ನಿಜವಾದ ವಿದ್ಯಾರ್ಥಿಗಳು! ಇವರಿಗೆ ಅಧಿಕಾರ ಇದೆ! "ಹೇಳಮ್ಮ ಹೇಳು, ಸಂಕೋಚ ಬೇಡ! ನನ್ನನ್ನ ತೆಗೆದುಹಾಕಿದ್ರಾ?"

ಇಡೀ ಕ್ಲಾಸು ಬೆಚ್ಚಿಬಿತ್ತು. ಒಬ್ಬ ಹುಡುಗನಂತೂ ಕಿವಿ ಮುಚ್ಚಿಕೊಂಡ.

"ಎಲ್ಲಾದರೂ ಆಗುತ್ತಾ ಸಾರ್! ಗುರುಗಳನ್ನ ತೆಗೆಯೋದಾ! ಅದಲ್ಲ. ಮೊದಲನೇ ದಿನಾನೇ ಪಾಠ ತಪ್ಪಿಹೋಯ್ತಲ್ಲ, ಅದನ್ನ ತುಂಬಿಸ್ಕೋಬೇಕು ಅಂತ, ನಾಳೆಯಿಂದ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸ್ಪೆಷಲ್ ಕ್ಲಾಸ್ ಇಟ್ಕೊಂಡಿದೀವಿ. ಭಾನುವಾರ ಪೂರ್ತಿ."

"ಭಾನುವಾರಾನಾ?" ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಆಗಲ್ಲಮ್ಮ. ನಮ್ಮನೇಲಿ ಒಪ್ಪಲ್ಲ. ಖಂಡಿತ ಒಪ್ಪಲ್ಲ."

"ಆಫೀಸಿನಲ್ಲಿ ನಂಬರ್ ಇಸ್ಕೊಂಡು ಈಗ ತಾನೇ ಕೇಳಿದ್ವಿ ಸಾರ್," ಎಂದಳು ಹುಡುಗಿ ವಿನಯದಿಂದ. "ನೀವು ಕೆಲಸದಲ್ಲೇ ಇದೀರಿ ಅಂತ ಗೊತ್ತಾಗಿದ್ದಕ್ಕೆ ಅಮ್ಮಾವರು ಖುಷಿಗೆ ಅತ್ತೇಬಿಟ್ರು. ಎಷ್ಟು ಹೊತ್ತು ಬೇಕಾದರೂ ಅಲ್ಲೇ ಇಟ್ಕೊಳ್ಳಿ ಅಂದ್ರು."